ಸುಮ್ನೆ ಬಂದವನು

ಆ ದಿನದ ಅನಾಹುತಕ್ಕೆಲ್ಲ ಕಾರಣ ಒಂದೇ ಒಂದು ಶಬ್ದ. ಅದು ಬೈಗುಳವಲ್ಲ, ಶಾಪವಲ್ಲ, ಸುಳ್ಳಂತೂ ಅಲ್ಲವೇ ಅಲ್ಲ. ಎರಡೇ ಅಕ್ಷರದ, ಹಲ್ಲು ಕಿತ್ತ ಹಾವಿನಂಥ ಸಾಧು ಶಬ್ದ: ಸುಮ್ನೆ.

ಬೆಳಗಿನ ಬಸ್ಸಿನಿಂದಿಳಿದು, ಗದ್ದೆಯಂಚಿನ ದಾರಿ ಹಿಡಿದು ಬಂದು, ಗುಮಾಸ್ತ ತನ್ನ ಹಿರಿಯರ ಮನೆಯ ಗೇಟು ತಳ್ಳಿದಾಗ ಅವನ ಸೋದರತ್ತೆ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದರು. ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡೇ ಮಾತಾಡುವ ವಿದ್ಯೆ ಅವರಿಗೆ ಸಿದ್ಧಿಸಿತ್ತು.

“ಅಯ್ಯೋ, ಪುಟ್ಟು! ಇದೇನೋ ಇದ್ದಕ್ಕಿದ್ದ ಹಾಗೆ? ಯಾರಿಗೇನಾಯ್ತೋ?”

“ಯಾರಿಗೂ ಏನೂ ಆಗಿಲ್ಲ ಅತ್ತೆ. ಸುಮ್ನೆ ಬಂದೆ.”

ಕ್ಲಿಪ್ಪು ಅತ್ತೆಯ ಬಾಯಿಂದ ಉದುರಿತು.

“ಸುಮ್ನೆ?”

“ಹೂಂ. ಸುಮ್ನೆ.”

“ಸುಮ್ನೆ ಯಾರಾದ್ರೂ ಬರ್ತಾರೇನೋ? ಬೆಕ್ಕು ಕೂಡ ಸುಮ್ನೆ ಬರಲ್ಲ, ಹಾಲಿಗೆ ಬರುತ್ತೆ.”

ನಲವತ್ತು ದಾಟಿ, ನೆತ್ತಿಯ ಮೇಲೆ ಸಣ್ಣದೊಂದು ಬಯಲು ಕಾಣಿಸಿಕೊಂಡಿದ್ದರೂ ಅತ್ತೆಗೆ ಅವನು ಪುಟ್ಟುವೇ. ಲೋಕಕ್ಕೆ ಮಾತ್ರ ದೂರು ಗುಮಾಸ್ತ. ನೀರು ಸರಬರಾಜು ಕಚೇರಿಯ ದೂರು ಕಿಟಕಿಯ ಹಿಂದೆ ಕೂತು, ತಲೆಯನ್ನು ಕೊಂಚ ಎಡಕ್ಕೆ ವಾಲಿಸಿ, “ಹೇಳಿ, ಏನು ತೊಂದರೆ?” ಎನ್ನುವುದು ಅವನ ಕೆಲಸ. ನಲ್ಲಿಯಲ್ಲಿ ನೀರು ಬರಲಿಲ್ಲ ಎಂದು ಒಬ್ಬರು. ಬಂತು, ಆದರೆ ನಾವು ಮಲಗಿದ್ದಾಗ ಬಂತು ಎಂದು ಇನ್ನೊಬ್ಬರು. ನಮಗೆ ಬಂತು ಸರಿ, ಪಕ್ಕದ ಮನೆಗೂ ಯಾಕೆ ಬಂತು ಎಂದು ಮತ್ತೊಬ್ಬರು. ಕೇಳಿ ಕೇಳಿ ಅವನ ಕಿವಿ ತೂಬಿಲ್ಲದ ಕೆರೆಯ ಹಾಗೆ ತುಂಬಿಹೋಗಿತ್ತು. ಇತ್ತೀಚೆಗೆ ಹೆಂಡತಿ ಅಡುಗೆಮನೆಯಿಂದ “ರೀ” ಎಂದು ಕರೆದರೂ ಅವನ ಬಾಯಿಂದ “ಹೇಳಿ, ಏನು ತೊಂದರೆ?” ಎಂದೇ ಬಂದುಬಿಡುತ್ತಿತ್ತು. ಆಕೆಯೂ ಬಿಡುವವಳಲ್ಲ; ಒಂದೊಂದಾಗಿ ಹೇಳಲು ಶುರುಮಾಡಿಬಿಡುತ್ತಿದ್ದಳು.

ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ದಿನ. ಯಾರೂ ದೂರು ಕೊಡದ ನೀರನ್ನು ನೋಡುತ್ತ ಕೂರಬೇಕು. ಅಷ್ಟೆ.

ಅಂಥ ನೀರು ಎಲ್ಲಿದೆ ಎಂಬುದು ಅವನಿಗೆ ಅಪ್ಪನಿಂದ ಗೊತ್ತಿತ್ತು. ಅಪ್ಪ ಮಾತು ಕಮ್ಮಿಯ ಮನುಷ್ಯ. ಮಗನಿಗೆ ಬಿಟ್ಟುಹೋದ ಮಾತುಗಳಲ್ಲಿ ಒಂದೇ ಒಂದು ಕೊಂಚ ಉದ್ದವಾಗಿತ್ತು: “ನಮ್ಮೂರ ಕಡಲದಂಡೇಲಿ ಕೋಣನ ಕಲ್ಲು ಅಂತ ಒಂದಿದೆ. ಅದರ ಮೇಲೆ ಕೂತ್ರೆ ಸಮುದ್ರಾನೇ ಮಾತಾಡ್ತಿರುತ್ತೆ. ನಾವು ಸುಮ್ನೆ ಇರಬಹುದು.” ಅಪ್ಪ ತೀರಿಕೊಂಡ ಮೇಲೆ ಆ ಮಾತು ಗುಮಾಸ್ತನ ಎದೆಯಲ್ಲಿ ಕಿಸೆಯೊಳಗಿನ ನುಣುಪುಗಲ್ಲಿನ ಹಾಗೆ ಉಳಿದುಹೋಗಿತ್ತು. ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದ. ಕಡೆಗೆ ಒಂದು ದಿನದ ರಜೆ ಹಾಕಿ ಬಂದೇಬಿಟ್ಟಿದ್ದ. ಸಂಜೆಯ ಬಸ್ಸಿಗೆ ವಾಪಸು. ನಡುವೆ ಕಲ್ಲು, ಕಡಲು, ತಾನು.

ಆದರೆ ಕಲ್ಲಿಗೂ ಅವನಿಗೂ ನಡುವೆ ಮೊದಲು ತಿಂಡಿಯಿತ್ತು. ತಿಂಡಿಯ ಎದುರಿಗೆ ಅತ್ತೆ ಇದ್ದರು.

“ಹೆಂಡತೀನ ಯಾಕೆ ಕರ್ಕೊಂಡು ಬರ್ಲಿಲ್ಲ?”

“ಅವಳಿಗೆ ರಜಾ ಇಲ್ಲ ಅತ್ತೆ.”

“ಹೇಳಿ ಬಂದ್ಯೋ, ಹೇಳದೇ ಬಂದ್ಯೋ?”

“ಹೇಳೇ ಬಂದೆ.”

“ಹೇಳ್ದಾಗ ಅವಳು ಏನಂದ್ಲು?”

“ಹೋಗಿ ಬನ್ನಿ ಅಂದ್ಲು.”

“ಅಷ್ಟೇನಾ?” ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು. “ಯಾಕೆ, ಎಷ್ಟು ಹೊತ್ತಿಗೆ, ಊಟಕ್ಕೆ ಏನು ಅಂತ ಏನೂ ಕೇಳ್ಲಿಲ್ವಾ? ಹಾಗಾದ್ರೆ ಮುಗೀತು. ಬೈಯೋ ಹೆಂಡತಿ ಒಳ್ಳೇವಳು ಕಣೋ. ‘ಹೋಗಿ ಬನ್ನಿ’ ಅಂತ ಬರೀ ಎರಡು ಮಾತಾಡೋಳಿದ್ದಾಳಲ್ಲ, ಅವಳು ಹೊಟ್ಟೇಲಿ ಏನೋ ಇಟ್ಕೊಂಡಿದ್ದಾಳೆ.”

ಮೂಲೆಯ ಬೆಂಚಿನ ಮೇಲೆ ಮಾವ ಕೂತಿದ್ದರು. ಮಾವ ದೀಪಸ್ತಂಭದ ಕಾವಲುಗಾರರಾಗಿ ನಿವೃತ್ತರಾದವರು. ತಮ್ಮ ಉದ್ಯೋಗದ ಕಾಲವನ್ನೆಲ್ಲ ಸಮುದ್ರದ ನಡುವಿನ ಬಂಡೆಯೊಂದರ ಮೇಲೆ, ದೀಪದ ಜೊತೆ, ಮಾತಿಲ್ಲದೆ ಕಳೆದಿದ್ದರು. ನಿವೃತ್ತಿಯಾದ ಮೇಲೆ ಮನೆಗೆ ಬಂದರು. ಅಂದಿನಿಂದ ಅವರಿಗೆ ಮಾತಾಡುವ ಅವಕಾಶ ಸಿಕ್ಕಿರಲಿಲ್ಲ. ಹಳೇ ಚಾಳಿ ಮಾತ್ರ ಬಿಟ್ಟಿರಲಿಲ್ಲ. ಆಗೊಮ್ಮೆ ಈಗೊಮ್ಮೆ ತಲೆಯೆತ್ತಿ, ಕಣ್ಣನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ನಿಧಾನ ಹಾಯಿಸಿ, ಮತ್ತೆ ಆರಿಹೋಗುತ್ತಿದ್ದರು. ಆ ಬೆಳಕು ಈಗ ಗುಮಾಸ್ತನ ಮೇಲೆ ಬಿತ್ತು. ಒಂದು ಕ್ಷಣ ಹೆಚ್ಚೇ ನಿಂತಿತು. ಆಮೇಲೆ ಆರಿತು.

“ಸುಮ್ನೆ ಬಂದಿದ್ದೀನಿ ಅತ್ತೆ, ನಿಜವಾಗ್ಲೂ. ಕೋಣನ ಕಲ್ಲಿನ ಮೇಲೆ ಒಂದಿಷ್ಟು ಹೊತ್ತು ಕೂತು ಹೋಗ್ತೀನಿ.”

“ಕಲ್ಲಿನ ಮೇಲಾ? ಮನೇಲಿ ಇಷ್ಟು ಕುರ್ಚಿ ಇಟ್ಕೊಂಡು?” ಎಂದು ಅತ್ತೆ ಒಳಗೆ ಹೋದರು. ಒಳಗಿನಿಂದ ಫೋನಿನ ಗುಂಡಿಗಳ ಕಿಣಿಕಿಣಿ ಕೇಳಿಸಿತು. ಗುಮಾಸ್ತ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ತೆಗೆದುಕೊಳ್ಳಬೇಕಿತ್ತು.

ಚಪ್ಪಲಿ ಮೆಟ್ಟಿ ಗೇಟು ದಾಟುವಷ್ಟರಲ್ಲಿ ಎದುರುಮನೆಯ ಕಾಂಪೌಂಡಿನ ಮೇಲೆ ಒಂದು ತಲೆ ಉದಯಿಸಿತು. ಊರಿನವರು ಆಕೆಯನ್ನು ರೇಡಿಯೋ ಎಂದು ಕರೆಯುತ್ತಿದ್ದರು. ವ್ಯತ್ಯಾಸವೆಂದರೆ, ರೇಡಿಯೋವನ್ನು ಆರಿಸಬಹುದು.

“ಯಾರದು? ನಮ್ಮ ಪುಟ್ಟೂನಾ? ಅಯ್ಯೋ, ಎಷ್ಟು ಬಡವಾಗಿದ್ದೀಯೋ! ಏನು ವಿಶೇಷ?”

“ಏನಿಲ್ಲ, ಸುಮ್ನೆ ಬಂದೆ.”

ರೇಡಿಯೋ ಕಣ್ಣು ಕಿರಿದು ಮಾಡಿ ಅವನ ಮುಖವನ್ನು ಮಾರುಕಟ್ಟೆಯಲ್ಲಿ ಹಣ್ಣು ಒತ್ತಿ ನೋಡುವವಳಂತೆ ನೋಡಿದಳು. “ಕಣ್ಣು ಗುಳಿ ಬಿದ್ದಿದೆ. ಬಣ್ಣಾನೂ ಇಳಿದಿದೆ. ಎಲ್ಲಿಗೆ ಹೊರಟೆ?”

“ಸಮುದ್ರದ ಕಡೆ. ಗಾಳಿ ತಗೊಂಡು ಬರೋಣ ಅಂತ.”

“ಗಾಳಿ!” ರೇಡಿಯೋ ಎದೆಯ ಮೇಲೆ ಕೈಯಿಟ್ಟುಕೊಂಡಳು. “ಯಾವ ಡಾಕ್ಟ್ರು ಹೇಳಿದ್ದು?”

“ಡಾಕ್ಟ್ರು ಯಾರೂ ಹೇಳಿಲ್ಲ.”

“ಹೇಳಕ್ಕೂ ಅವರಿಗೆ ಏನೂ ಉಳಿದಿಲ್ವೇನೋ, ಪಾಪ. ನಮ್ಮ ಭಾವಾನೂ ಹೀಗೇ ಕಣಪ್ಪಾ. ಇದ್ದಕ್ಕಿದ್ದ ಹಾಗೆ ಎಲ್ಲರ ಮನೆಗೂ ಸುಮ್ನೆ ಹೋಗಿ ಬಂದ್ರು. ಒಂದೊಂದು ಮನೇಲೂ ಕಾಫಿ ಕುಡಿದ್ರು. ಮುಂದಿನ ವಾರಕ್ಕೆ ಫೋಟೋ ಆಗಿಬಿಟ್ರು. ನಿಂತ್ಕೋ, ಒಂದು ಲೋಟ ಕಷಾಯ ತರ್ತೀನಿ.”

ಕಷಾಯ ಬಂತು. ಅದರ ಬಣ್ಣ ಹಳೇ ಇಂಜಿನ್ನಿನ ಎಣ್ಣೆಯದು; ರುಚಿ ಅದಕ್ಕಿಂತ ಹಳೆಯದು. ಕುಡಿಯದೆ ಹೋದರೆ ಕಾಂಪೌಂಡು ಹಾರಿ ಬಂದಾಳು ಎಂದು ಗುಮಾಸ್ತ ಕಣ್ಣು ಮುಚ್ಚಿ ನುಂಗಿದ. ಕಣ್ಣಲ್ಲಿ ನೀರು ಬಂತು. ಅದನ್ನು ನೋಡಿ ರೇಡಿಯೋಗೂ ಬಂತು.

“ಅಳ್ಬೇಡಪ್ಪಾ. ಯಾರಿಗೂ ಹೇಳಲ್ಲ ನಾನು” ಎಂದಳು. ಅಂದರೆ ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಗುತ್ತದೆ ಎಂದರ್ಥ.

ಊರು ದಾಟಿದರೆ ಗದ್ದೆ, ಗದ್ದೆ ದಾಟಿದರೆ ಮರಳದಿಣ್ಣೆ, ದಿಣ್ಣೆಯಾಚೆ ಕಡಲು. ಗದ್ದೆಯ ನಡುವೆ ಬೆಳ್ಳಕ್ಕಿಗಳು ಒಂಟಿಕಾಲಲ್ಲಿ ನಿಂತಿದ್ದವು. ಅವುಗಳನ್ನು ಯಾರೂ ಯಾಕೆ ನಿಂತಿದ್ದೀರಿ ಎಂದು ಕೇಳುತ್ತಿರಲಿಲ್ಲ. ಮನುಷ್ಯನಾಗಿ ಹುಟ್ಟಿದ್ದರಲ್ಲಿ ಇದೊಂದು ತೊಡಕು ಎಂದುಕೊಂಡ ಗುಮಾಸ್ತ. ಇರುವುದಕ್ಕೂ ಕಾರಣ ಕೊಡಬೇಕು.

ಕಾಲುವೆಯ ಮೋರಿಕಟ್ಟೆಯ ಮೇಲೆ ನಿವೃತ್ತ ಬಸ್ ಕಂಡಕ್ಟರು ಕೂತಿದ್ದರು. ಕೆಲಸ ಬಿಟ್ಟರೂ ಸೀಟಿ ಬಿಟ್ಟಿರಲಿಲ್ಲ. ಅದು ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ಮಾತಿನ ಕೊನೆಗೆ ‘ರೈಟ್’ ಅನ್ನದಿದ್ದರೆ ಅವರ ಮಾತು ಮುಂದಕ್ಕೆ ಚಲಿಸುತ್ತಿರಲಿಲ್ಲ. ಅದಕ್ಕೇ ಊರಿಗೆ ಅವರು ರೈಟ್‌ರೈಟ್.

“ಏನಪ್ಪಾ, ನೀನು ಆ ಮನೆಯ ಮೊಮ್ಮಗ ಅಲ್ವಾ? ನೀರಿನ ಕಚೇರೀಲಿ ಕೆಲಸ. ರೈಟ್?”

“ಹೌದು.”

“ಇವತ್ತು ಕಚೇರಿ ಇರೋ ದಿನ. ರೈಟ್?”

“ರಜಾ ಹಾಕಿದ್ದೀನಿ.”

“ಯಾಕೆ?”

ಗುಮಾಸ್ತ ಬೇರೆ ಶಬ್ದ ಹುಡುಕಿದ. ಸಿಗಲಿಲ್ಲ. “ಸುಮ್ನೆ” ಎಂದ, ತಪ್ಪೊಪ್ಪಿಕೊಳ್ಳುವವನ ಹಾಗೆ.

ರೈಟ್‌ರೈಟ್ ಗಹಗಹಿಸಿ ನಕ್ಕರು. “ಸುಮ್ನೆ ರಜಾ ಹಾಕ್ತಾರೇನಯ್ಯಾ? ನಾನು ನನ್ನ ಮದುವೆ ದಿನ ಸಂಜೆ ಶಿಫ್ಟಿಗೆ ಹೋಗಿದ್ದೆ. ಹೆಂಡತೀನ ಅದೇ ಬಸ್ಸಲ್ಲಿ ಕೂರಿಸ್ಕೊಂಡು ಹೋದೆ, ಟಿಕೆಟ್ ಕೊಟ್ಟು. ರೈಟ್?” ಆಮೇಲೆ ದನಿ ತಗ್ಗಿಸಿದರು. “ನೋಡು, ಇಡೀ ಬಸ್ಸಲ್ಲಿ ಟಿಕೆಟ್ ಇಲ್ಲದವನು ಯಾರು ಅಂತ ನನಗೆ ಮುಖ ನೋಡಿದ್ರೇ ಗೊತ್ತಾಗೋದು. ಕಿಟಕಿ ಕಡೆ ನೋಡ್ತಾ ಕೂತಿರ್ತಾನೆ, ಏನೂ ಆಗಿಲ್ಲ ಅನ್ನೋ ಹಾಗೆ. ಥೇಟ್ ನಿನ್ನ ಹಾಗೆ. ಇಳಿಸಿಬಿಟ್ರಾ?”

“ಯಾರನ್ನ?”

“ನಿನ್ನನ್ನ. ಕೆಲಸದಿಂದ.”

“ಅಯ್ಯೋ, ಇಲ್ಲ! ನಾನು ಸುಮ್ನೆ...”

“ರೈಟ್, ರೈಟ್. ಹೇಳೋದು ಬೇಡ. ನನ್ನ ತಂಗಿಯ ಅಳಿಯ ನಿಮ್ಮ ಕಚೇರೀಲೇ ಮೀಟರ್ ವಿಭಾಗದಲ್ಲಿದ್ದಾನೆ. ಒಂದು ಮಾತು ಹಾಕ್ತೀನಿ. ನಿನ್ನನ್ನ ಮತ್ತೆ ಹತ್ತಿಸೋ ಜವಾಬ್ದಾರಿ ನಂದು.”

ಗುಮಾಸ್ತ ಬೇಡವೆನ್ನುವಷ್ಟರಲ್ಲಿ ಅವರು ಫೋನನ್ನು ಕಿವಿಗಿಟ್ಟು, ಇನ್ನೊಂದು ಕೈಯಿಂದ ಅವನಿಗೆ ಮುಂದೆ ಹೋಗುವಂತೆ ಸನ್ನೆ ಮಾಡಿ ಆಗಿತ್ತು.

ಮರಳದಿಣ್ಣೆಯ ಬುಡ ತಲುಪುವ ಹೊತ್ತಿಗೆ ಅವನ ಫೋನು ಬಡಿದುಕೊಂಡಿತು. ಹೆಂಡತಿ.

“ರೀ, ನಿಮ್ಮ ಅತ್ತೆ ಫೋನ್ ಮಾಡಿದ್ರು.”

“ಹೌದಾ? ಏನಂತೆ?”

“‘ಏನೇ ಮಾಡಿದ್ರೂ ನಮ್ಮ ಹುಡುಗ, ಕ್ಷಮಿಸಿಬಿಡಮ್ಮಾ’ ಅಂದ್ರು.”

ಗುಮಾಸ್ತ ಮರಳಿನಲ್ಲಿ ನಿಂತಲ್ಲೇ ಕೊಂಚ ಹೂತುಹೋದ.

“ನಾನು ಆಯ್ತು, ಕ್ಷಮಿಸ್ತೀನಿ ಅಂದೆ. ದೊಡ್ಡವರ ಮಾತು. ಈಗ ಹೇಳಿ, ಏನನ್ನ ಕ್ಷಮಿಸ್ಲಿ?”

“ಏನೂ ಇಲ್ಲ ಕಣೇ! ನಾನು ಏನೂ ಮಾಡಿಲ್ಲ. ಸುಮ್ನೆ ಬಂದಿದ್ದೀನಿ, ಸುಮ್ನೆ!”

“ಬೆಳಿಗ್ಗೆ ನನಗೂ ಹೀಗೇ ಹೇಳಿದ್ರಿ. ನಂಬಿದೆ. ಏನೂ ಇಲ್ಲದೆ ಅಷ್ಟು ದೊಡ್ಡವರು ಕ್ಷಮೆ ಕೇಳ್ತಾರಾ? ನೀವು ಸಂಜೆ ಬನ್ನಿ. ಎದುರಿಗೆ ಕೂತು ಮಾತಾಡೋಣ.” ಕೊನೆಯ ವಾಕ್ಯದಲ್ಲಿ ಸಿಟ್ಟಿರಲಿಲ್ಲ. ಅದೇ ಭಯ.

ಅವನು ಫೋನು ಕಿಸೆಗಿಡುವ ಮೊದಲೇ ಅದು ಮತ್ತೆ ಬಡಿದುಕೊಂಡಿತು. ಮೇಲಧಿಕಾರಿ.

“ಏನ್ರೀ, ಬೇರೆ ಕಡೆ ಕೆಲಸ ಹುಡುಕ್ತಿದ್ದೀರಂತೆ? ಮೀಟರ್ ವಿಭಾಗದಲ್ಲೆಲ್ಲ ಅದೇ ಮಾತು.”

“ಇಲ್ಲ ಸಾರ್, ಖಂಡಿತ ಇಲ್ಲ. ಸುಮ್ನೆ ಅತ್ತೆ ಮನೆಗೆ ಬಂದಿದ್ದೀನಿ.”

“ಸುಮ್ನೇನಾ? ರಜಾ ಅರ್ಜೀಲಿ ‘ಅನಿವಾರ್ಯ ಕಾರಣ’ ಅಂತ ಬರೆದಿದ್ದೀರಿ!”

ಇಪ್ಪತ್ತು ವರ್ಷದಿಂದ ಎಲ್ಲರೂ ಬರೆಯುವುದು ಅದನ್ನೇ. ಬರೆದದ್ದರ ಅರ್ಥವನ್ನು ಯಾರೂ ಕೇಳಿರಲಿಲ್ಲ. ಇಲ್ಲಿ ಸುಮ್ಮನೆ ಬಂದು ಕೂರುವುದು ತನಗೆ ಎಷ್ಟು ಅನಿವಾರ್ಯವಾಗಿತ್ತು ಎಂದು ಹೇಳಬೇಕೆನಿಸಿತು ಗುಮಾಸ್ತನಿಗೆ. ಆದರೆ ದೂರು ಕೇಳುವವನ ದೂರು ಕೇಳುವ ಕಿಟಕಿ ಯಾವ ಕಚೇರಿಯಲ್ಲೂ ಇರುವುದಿಲ್ಲ.

“ನಾಳೆ ಬಂದು ಕಾರಣ ಹೇಳಿ” ಎಂದು ಮೇಲಧಿಕಾರಿ ಫೋನಿಟ್ಟರು.

ದಿಣ್ಣೆ ಹತ್ತಿದ. ಕಡಲು ಕಾಣಿಸಿತು.

ಕೋಣನ ಕಲ್ಲು ಅಪ್ಪ ಹೇಳಿದ ಹಾಗೇ ಇತ್ತು. ದಂಡೆಯಿಂದ ನಾಲ್ಕು ಹೆಜ್ಜೆ ನೀರಿಗಿಳಿದು, ಬೆನ್ನು ಮಾತ್ರ ತೋರಿಸಿ ಕೆರೆಯಲ್ಲಿ ಬಿದ್ದುಕೊಂಡ ಕೋಣದ ಹಾಗೆ. ಗುಮಾಸ್ತ ಚಪ್ಪಲಿ ಬಿಚ್ಚಿ ನೀರಿನಂಚಿನ ಮರಳಿನ ಮೇಲಿಟ್ಟ. ನೀರು ಸಿಡಿದೀತೆಂದು ಕನ್ನಡಕ ತೆಗೆದು ಒಂದು ಚಪ್ಪಲಿಯೊಳಗೆ ಇಟ್ಟ. ಕೈಗಡಿಯಾರ, ಫೋನು ಸಹ ತೆಗೆದು ಅದರೊಳಗೇ ಇಟ್ಟ. ಕಲ್ಲು ಹತ್ತಿ ಕೂತ. ನಡುವೆ ಒಂದು ಕಡೆ ಕಲ್ಲು ಸವೆದು ತಗ್ಗಾಗಿತ್ತು. ಅಲ್ಲಿ ಅವನ ಮೈ ಅಳತೆ ಕೊಟ್ಟು ಮಾಡಿಸಿದಂತೆ ಹೊಂದಿಕೊಂಡಿತು.

ಕನ್ನಡಕವಿಲ್ಲದೆ ಕಡಲಿಗೂ ಬಾನಿಗೂ ನಡುವಿನ ಗೆರೆ ಕಾಣಿಸುತ್ತಿರಲಿಲ್ಲ. ಒಂದೇ ನೀಲಿ. ಅಲೆ ಬಂದಿತು, ಏನೋ ಹೇಳಿತು, ಉತ್ತರಕ್ಕೆ ಕಾಯದೆ ಹೋಯಿತು. ಮತ್ತೊಂದು ಬಂದಿತು. ಎಷ್ಟೊಂದು ಮಾತು, ಆದರೆ ಯಾವುದನ್ನೂ ಪರಿಹರಿಸಬೇಕಾಗಿಲ್ಲ. ಅವನ ತಲೆ ತಾನಾಗಿ ಎಡಕ್ಕೆ ವಾಲಿದ್ದು ಮೆಲ್ಲಗೆ ನೆಟ್ಟಗಾಯಿತು. ಅಪ್ಪ ಮಾತಾಡದೆ ಇರುತ್ತಿದ್ದ ಸಂಜೆಗಳೆಲ್ಲ ನೆನಪಾದವು. ಆಗ ಅದನ್ನು ಅವನು ಸಿಟ್ಟು ಎಂದುಕೊಂಡಿದ್ದ. ಅಪ್ಪ ಇಲ್ಲಿಗೆ ಬಂದು ಕೂತಿರುತ್ತಿದ್ದರೇನೋ, ಮನೆಯ ಕುರ್ಚಿಯ ಮೇಲೆ ಕೂತೇ. ಇನ್ನು ಸ್ವಲ್ಪ ಹೊತ್ತು ಹೀಗೇ ಇದ್ದರೆ ಅಪ್ಪನಿಗೆ ಏನೋ ಒಂದು ಮಾತು ಹೇಳಬಹುದಿತ್ತು, ಅಥವಾ ಹೇಳದೆಯೂ...

“ಪೀ... ಪೀ... ಪೀ...!”

ಅದು ಕಡಲಹಕ್ಕಿಯಲ್ಲ. ಸೀಟಿ.

ಇತ್ತ ಊರಿನಲ್ಲಿ ಗಣಿತ ನಡೆದುಹೋಗಿತ್ತು. ಹೆಂಡತಿ ಜೊತೆ ಜಗಳವೆಂಬ ಸುದ್ದಿ ಅತ್ತೆಯಿಂದ ಹೊರಟಿತ್ತು. ದೊಡ್ಡ ಕಾಯಿಲೆಯ ಸುದ್ದಿ ರೇಡಿಯೋದಿಂದ. ಕೆಲಸ ಹೋದ ಸುದ್ದಿ ರೈಟ್‌ರೈಟ್‌ರಿಂದ. ಮೂರೂ ಗೇಟಿನೆದುರು ಸೇರಿ, ಕೂಡಿ, ಬಂದ ಉತ್ತರವನ್ನು ಹೊತ್ತು ಊರು ಸಮುದ್ರದ ಕಡೆಗೆ ಓಡಿ ಬಂದಿತ್ತು. ದಿಣ್ಣೆಯ ಮೇಲಿಂದ ರೇಡಿಯೋ ನೋಡಿದ್ದು ಇಷ್ಟು: ಒಬ್ಬ ಮನುಷ್ಯ ಚಪ್ಪಲಿ ಬಿಚ್ಚಿಟ್ಟು, ಕನ್ನಡಕ, ಗಡಿಯಾರ, ಫೋನು ಎಲ್ಲ ಜೋಡಿಸಿಟ್ಟು, ನೀರಿನ ನಡುವಿನ ಕಲ್ಲಿನ ಮೇಲೆ ಮಾತಿಲ್ಲದೆ ಕೂತಿದ್ದಾನೆ.

“ಪುಟ್ಟೂ! ಹಾರ್ಬೇಡ್ವೋ! ನಾನು ಅವಳ ಹತ್ರ ಮಾತಾಡಿದ್ದೀನಿ! ಕ್ಷಮಿಸಿದ್ದಾಳೆ ಕಣೋ!” ಅತ್ತೆಯ ದನಿ ಅಲೆಗಿಂತ ಮೊದಲೇ ತಲುಪಿತು.

“ಕೆಲಸ ವಾಪಸ್ ಕೊಡಿಸ್ತೀನಯ್ಯಾ! ಸ್ಟಾಪ್! ಸ್ಟಾಪ್!” ರೈಟ್‌ರೈಟ್ ಬದುಕಿನಲ್ಲಿ ಮೊದಲ ಬಾರಿಗೆ ಬೇರೆ ಶಬ್ದ ಬಳಸಿದ್ದರು.

ಏನಾಯಿತೆಂದು ನೋಡಲು ಗುಮಾಸ್ತ ಎದ್ದು ನಿಂತ. ಅದೇ ತಪ್ಪಾಯಿತು.

“ಎದ್ದ! ಎದ್ದುಬಿಟ್ಟ!” ಎಂದು ರೇಡಿಯೋ ಕಿರುಚಿದಳು. ದಂಡೆಯಲ್ಲಿ ಬಲೆ ಒಣಗಿಸುತ್ತಿದ್ದ ಮೀನುಗಾರರು ಯೋಚಿಸುವ ಜಾತಿಯವರಲ್ಲ, ಕೆಲಸದ ಜನ. ಒಬ್ಬ ಬೀಸುಬಲೆ ಎತ್ತಿ, ಒಂದು ಸುತ್ತು ತಿರುಗಿ, ಬೀಸಿದ. ಬಲೆ ಗಾಳಿಯಲ್ಲಿ ಕೊಡೆಯ ಹಾಗೆ ಬಿಚ್ಚಿಕೊಂಡು ಗುಮಾಸ್ತನ ಮೇಲೆ ಬಿತ್ತು. ಎಳೆದರು. ಗುಮಾಸ್ತ ಮೊದಲು ಕಲ್ಲಿನಿಂದ ಜಾರಿದ, ಆಮೇಲೆ ನೀರಿಗೆ ಬಿದ್ದ, ಆಮೇಲೆ ಮೀನಿನ ಹಾಗೆ ಬಾಯಿ ಬಿಡುತ್ತ ಮರಳಿನ ಮೇಲೆ ಬಂದ. ಅಲ್ಲಿ ನೀರು ಮೊಣಕಾಲಿಗಿಂತ ಮೇಲಿರಲಿಲ್ಲ. ಆದರೆ ಮಲಗಿಸಿ ಎಳೆದರೆ ಎಷ್ಟು ನೀರಾದರೂ ಸಾಕು.

“ಬದುಕಿದ್ದಾನೆ!” ಎಂದು ಸಾರಿದಳು ರೇಡಿಯೋ, ಕೊಂಚ ನಿರಾಶೆಯಿಂದ.

“ನಾನು... ಸುಮ್ನೆ... ಕೂತಿದ್ದೆ...” ಎಂದ ಗುಮಾಸ್ತ ಬಲೆಯೊಳಗಿಂದ, ಉಪ್ಪುನೀರು ಉಗುಳುತ್ತ.

“ಎಲ್ಲರೂ ಹಾಗೇ ಹೇಳೋದು” ಎಂದ ಬಲೆ ಬೀಸಿದವನು.

ಗದ್ದಲದಲ್ಲಿ ಒಂದು ಚಪ್ಪಲಿಯನ್ನು ಅಲೆ ಕೊಂಡೊಯ್ದಿತು. ಕನ್ನಡಕ, ಗಡಿಯಾರ, ಫೋನುಗಳಿದ್ದ ಇನ್ನೊಂದನ್ನು ಅತ್ತೆ ಎದೆಗವಚಿಕೊಂಡು ಅಳುತ್ತಿದ್ದರು.

ಮನೆಯ ಅಂಗಳ ತುಂಬಿತು. ಗುಮಾಸ್ತನನ್ನು ಕುರ್ಚಿಯ ಮೇಲೆ ಕೂರಿಸಿ, ಟವೆಲು ಹೊದೆಸಿ, ಸುತ್ತ ನಿಂತರು. ಎಲ್ಲರ ತಲೆಯೂ ಕೊಂಚ ಎಡಕ್ಕೆ ವಾಲಿತ್ತು.

“ಹೇಳಪ್ಪಾ, ಏನು ತೊಂದರೆ?” ಎಂದರು ರೈಟ್‌ರೈಟ್.

ಆ ಪ್ರಶ್ನೆಯನ್ನು ಈ ಕಡೆಯಿಂದ ಕೇಳಿಸಿಕೊಂಡದ್ದು ಗುಮಾಸ್ತನಿಗೆ ಅದೇ ಮೊದಲು. ಏನೂ ತೊಂದರೆಯಿಲ್ಲ ಎಂದರೆ ಯಾರೂ ಒಪ್ಪುವುದಿಲ್ಲ ಎಂಬುದೂ ಅವನಿಗೆ ಅಷ್ಟು ವರ್ಷದ ಅನುಭವದಿಂದ ಗೊತ್ತಿತ್ತು. ತೊಂದರೆಯಿಲ್ಲದವನು ಕಿಟಕಿಯ ಹತ್ತಿರ ಯಾಕೆ ಬರುತ್ತಾನೆ?

“ಸಂಜೆ ಬಸ್ಸಿಗೆ ಒಬ್ಬನ್ನೇ ಕಳಿಸೋದು ಬೇಡ” ಎಂದಳು ರೇಡಿಯೋ. “ರಾತ್ರಿಗೆ ಇಬ್ಬರು ಕಾವಲಿರಲಿ.”

“ನಾಳೆ ಹೆಂಡತೀನ ಇಲ್ಲಿಗೇ ಕರೆಸೋಣ. ಎದುರುಬದುರು ಕೂರಿಸಿ ಮಾತಾಡ್ಸೋಣ. ರೈಟ್?”

“ಮೊದಲು ಬಟ್ಟೆ ಬದಲಾಯಿಸ್ಕೊಳ್ಳಲಿ” ಎಂದರು ಅತ್ತೆ. “ಏನೂಂದ್ರೆ, ನಿಮ್ಮದೊಂದು ಅಂಗಿ ಕೊಡಿ ಇವನಿಗೆ. ಬಾಗಿಲು ಪೂರ್ತಿ ಹಾಕ್ಬೇಡಿ.”

ಒಳಕೋಣೆಯಲ್ಲಿ ಮಾವ ಪೆಟ್ಟಿಗೆ ತೆರೆದು ಒಂದು ಅಂಗಿ ತೆಗೆದುಕೊಟ್ಟರು. ಅದಕ್ಕೆ ಸೀಮೆಎಣ್ಣೆಯ ಹಳೆಯ ವಾಸನೆಯಿತ್ತು. ಗುಮಾಸ್ತ ಗುಂಡಿ ಹಾಕಿಕೊಳ್ಳುತ್ತಿದ್ದಾಗ ಬೆನ್ನ ಹಿಂದೆ ತುಕ್ಕು ಹಿಡಿದ ಬಾಗಿಲೊಂದು ತೆರೆದ ಸದ್ದಾಯಿತು. ತಿರುಗಿದ. ಬಾಗಿಲಲ್ಲ, ಮಾವ ಮಾತಾಡುತ್ತಿದ್ದರು.

“ಇವರಿಗೆ ಕಾರಣ ಬೇಕು” ಎಂದರು ಮಾವ. “ಒಂದು ಕೊಟ್ಬಿಡು.”

“ಏನಂತ ಕೊಡ್ಲಿ ಮಾವ? ಇರೋದನ್ನೇ ಹೇಳಿದೆ.”

“ಇರೋದು ಯಾರಿಗೆ ಬೇಕು.” ಮಾವ ಕಿಟಕಿಯಾಚೆ, ಗದ್ದೆಯಾಚೆ, ನೀಲಿಯಾಗಿ ಕಾಣುತ್ತಿದ್ದ ಒಂದು ಪಟ್ಟಿಯತ್ತ ನೋಡಿದರು. “ಅತ್ತೇನ ನಮ್ಮನೆಗೆ ಕರ್ಕೊಂಡು ಹೋಗೋಣ ಅಂತ ಬಂದೆ, ಕೇಳೋಕೆ ಸಂಕೋಚ ಆಯ್ತು ಅನ್ನು.”

“ಅತ್ತೆ ಬಂದುಬಿಟ್ರೆ?”

“ಅವಳಾ?” ಮಾವನ ಮುಖದಲ್ಲಿ ಯಾವ ಅಲೆಯೂ ಏಳಲಿಲ್ಲ. “ಈ ಮನೆ, ಈ ಅಂಗಳ, ಈ ಎದುರುಮನೆಯವಳು. ಇವನ್ನೆಲ್ಲ ಬಿಟ್ಟು ಅವಳು ಎಲ್ಲಿಗೆ ಬರ್ತಾಳೆ? ‘ಇನ್ನೊಂದು ಸಲ ನೋಡೋಣ ಬಿಡೋ’ ಅಂತಾಳೆ. ನೀನು ಬಸ್ ಹತ್ತು.”

ಅಷ್ಟು ಹೇಳಿ ಬಾಗಿಲು ಮುಚ್ಚಿಕೊಂಡಿತು.

ಗುಮಾಸ್ತನಿಗೆ ಮಾವನ ಕಾಲು ಹಿಡಿಯೋಣವೆನಿಸಿತು. ಊರಿನಲ್ಲಿ ಒಬ್ಬರಿಗಾದರೂ ತಾನು ಅರ್ಥವಾಗಿದ್ದೇನೆ! ಮೌನದ ಬೆಲೆ ಗೊತ್ತಿರುವವನಿಗೆ ಮಾತಿನ ಬೆಲೆಯೂ ಗೊತ್ತಿರುತ್ತದೆ. ಆ ಒಂದು ಕಾರಣ ಹೆಂಡತಿಗೂ ಆಗುತ್ತದೆ, ಮೇಲಧಿಕಾರಿಗೂ ಆಗುತ್ತದೆ. ಅನಿವಾರ್ಯ ಎನ್ನುವುದಕ್ಕೂ ಅಡ್ಡಿಯಿಲ್ಲ. ಅವನು ಅಂಗಳಕ್ಕೆ ಬಂದು, ಕೆಮ್ಮಿ, ತನ್ನ ಬಾಳಿನ ಮೊದಲ ಸಾರ್ವಜನಿಕ ಸುಳ್ಳನ್ನು ಹೇಳಿದ:

“ಅತ್ತೆ, ನಿಜ ಹೇಳ್ತೀನಿ. ನಿಮ್ಮನ್ನ ನಮ್ಮನೆಗೆ ಕರ್ಕೊಂಡು ಹೋಗೋಣ ಅಂತ ಬಂದೆ. ನೀವು ಬರ್ತೀರೋ ಇಲ್ವೋ ಅಂತ ಕೇಳೋಕೆ ಸಂಕೋಚ ಆಯ್ತು. ಅದನ್ನೇ ಯೋಚಿಸ್ತಾ ಕಲ್ಲಿನ ಮೇಲೆ ಕೂತಿದ್ದೆ.”

ಅಂಗಳ ಸ್ತಬ್ಧವಾಯಿತು. ರೇಡಿಯೋ ಸಹ ಆರಿತು. ಆ ನಿಶ್ಶಬ್ದದಲ್ಲಿ ಗದ್ದೆಯಾಚೆಯ ಕಡಲು ಕೇಳಿಸಿತು, ಒಂದು ಅಲೆ, ಇನ್ನೊಂದು ಅಲೆ. ಬೆಳಗಿನಿಂದ ಅವನು ಅರಸಿ ಬಂದದ್ದು ಇದನ್ನೇ. ಗುಮಾಸ್ತ ಕಣ್ಣು ಮುಚ್ಚಿದ.

“ಇಷ್ಟೇನಾ?” ಎಂದರು ರೈಟ್‌ರೈಟ್. “ಇದನ್ನ ಬೆಳಿಗ್ಗೇನೇ ಹೇಳೋದಲ್ವಾ? ರೈಟ್!”

“ನಾನು ಆಗ್ಲೇ ಅಂದ್ಕೊಂಡೆ” ಎಂದಳು ರೇಡಿಯೋ.

ಅತ್ತೆ ಮಾತ್ರ ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು. ಇನ್ನೊಂದು ಸಲ ನೋಡೋಣ ಎನ್ನಲು ಮಾತು ಕೂಡಿಸಿಕೊಳ್ಳುತ್ತಿರಬೇಕು ಎಂದುಕೊಂಡ ಗುಮಾಸ್ತ. ಅವರು ಹೊರಬಂದಾಗ ಸೀರೆ ಬದಲಾಗಿತ್ತು, ಜಡೆ ಬಿಗಿಯಾಗಿತ್ತು. ಹಿಂದೆಯೇ ಮಾವ ಬಂದರು. ಅವರ ಒಂದು ಕೈಯಲ್ಲಿ ದೊಡ್ಡ ಬ್ಯಾಗು, ಇನ್ನೊಂದರಲ್ಲಿ ಸಣ್ಣ ಬ್ಯಾಗು, ಕಂಕುಳಲ್ಲಿ ಕೊಡೆ. ಆ ವಯಸ್ಸಿನ ಮನುಷ್ಯ ಅಷ್ಟು ಹಗುರಾಗಿ ಹೆಜ್ಜೆ ಹಾಕಿದ್ದನ್ನು ಯಾರೂ ನೋಡಿರಲಿಲ್ಲ.

“ನಡಿಯೋ ಪುಟ್ಟು. ಬಸ್ಸಿಗೆ ಹೊತ್ತಾಯ್ತು” ಎಂದರು ಅತ್ತೆ.

ಗುಮಾಸ್ತ ಮಾವನ ಕಡೆ ನೋಡಿದ. “ಮಾವ... ನೀವೂ ಬನ್ನಿ?”

ಮಾವ ಇಲ್ಲವೆಂದು ತಲೆಯಾಡಿಸಿ ಮನೆಯ ಕಡೆ ಕೈ ತೋರಿಸಿದರು. ಯಾರಾದರೂ ಇರಬೇಕಲ್ಲ.

ಬಸ್‌ಸ್ಟಾಂಡಿಗೆ ಊರೇ ಬಂತು. ಗುಮಾಸ್ತನ ಕಾಲಲ್ಲಿ ಮಾವನ ಹಳೇ ಬೂಟುಗಳಿದ್ದವು. ಬಸ್ಸು ಹತ್ತುವ ಮೊದಲು ಹೆಂಡತಿಗೆ ಫೋನ್ ಮಾಡಿದ.

“ಅತ್ತೆ ನನ್ನ ಜೊತೆ ಬರ್ತಿದ್ದಾರೆ ಕಣೇ.”

“ಎಷ್ಟು ದಿನಕ್ಕೆ?”

ಅವನು ಬ್ಯಾಗುಗಳನ್ನು ನೋಡಿದ. ಉತ್ತರ ಅವುಗಳ ಗಾತ್ರದಲ್ಲೇ ಇತ್ತು. “ಗೊತ್ತಿಲ್ಲ” ಎಂದ.



“ಓಹೋ” ಎಂದಳು ಹೆಂಡತಿ. “ಕ್ಷಮಿಸು ಅಂದದ್ದು ಇದಕ್ಕಾ?”

ರೈಟ್‌ರೈಟ್ ಸೀಟಿ ಊದಿದರು. ನಿಜವಾದ ಕಂಡಕ್ಟರು ಗುರುಗುಟ್ಟಿದ. ಬಸ್ಸು ಹೊರಟಿತು.

ಅತ್ತೆ ಕಿಟಕಿಯ ಪಕ್ಕ ಕೂತು, ಸೀಟನ್ನು ಅಂಗೈಯಿಂದ ಒರೆಸಿ, ನಿಟ್ಟುಸಿರಿಟ್ಟರು. “ನಿನಗೆ ಹೇಗೋ ಗೊತ್ತಾಯ್ತು ಪುಟ್ಟು, ನನ್ನ ಮನಸ್ಸಲ್ಲಿ ಇದ್ದದ್ದು? ಈ ಬ್ಯಾಗು ತುಂಬಿಟ್ಟು ಎಷ್ಟು ಕಾಲ ಆಯ್ತು ಗೊತ್ತಾ? ಯಾರಾದ್ರೂ ಒಬ್ಬರು ಬಾ ಅಂತ ಕರೆದ್ರೆ ಸಾಕು, ಆ ನಿಮಿಷವೇ ಹೊರಡ್ತೀನಿ ಅಂತ ನಿಮ್ಮ ಮಾವನಿಗೆ ದಿನಾ ಬೆಳಿಗ್ಗೆ ಹೇಳ್ತಿದ್ದೆ.”

ಗುಮಾಸ್ತ ನಿಧಾನವಾಗಿ ಅವರ ಕಡೆ ತಿರುಗಿದ. “ಮಾವನಿಗೆ?”

“ಇನ್ಯಾರಿಗೆ ಹೇಳ್ಲಿ? ವಾರಕ್ಕೊಂದು ಸಲ ಆ ಬ್ಯಾಗಿನ ಧೂಳು ಒರೆಸ್ತಿದ್ದದ್ದೇ ಅವರು.”

ಬಸ್ಸು ಕಡಲದಂಡೆಯ ತಿರುವಿಗೆ ಬಂತು. ಸಂಜೆಯ ಬಿಸಿಲಲ್ಲಿ ನೀರು ಮಿರುಗುತ್ತಿತ್ತು. ಮರಳಿನ ಮೇಲೆ ಯಾರೂ ಇರಲಿಲ್ಲ. ಕೋಣನ ಕಲ್ಲಿನ ಮೇಲೆ, ಸವೆದ ತಗ್ಗಿನಲ್ಲಿ, ಒಬ್ಬ ಮುದುಕ ಬರಿಗಾಲನ್ನು ನೀರಿಗೆ ಇಳಿಬಿಟ್ಟು ಕೂತಿದ್ದ. ಅಷ್ಟು ಬೇಗ ಅಲ್ಲಿಗೆ ತಲುಪಬೇಕಾದರೆ ಓಡಿಯೇ ಬಂದಿರಬೇಕು. ಬಸ್ಸು ಹಾಯುವಾಗ ಅವನ ತಲೆ ಈ ತುದಿಯಿಂದ ಆ ತುದಿಗೆ ನಿಧಾನ ತಿರುಗಿತು. ಬೆಳಕು ಗುಮಾಸ್ತನ ಮೇಲೆ ಒಮ್ಮೆ ಬಿತ್ತು, ಹಾದುಹೋಯಿತು.

ಅತ್ತೆಯೂ ನೋಡಿದರು. “ಅದು ನಿಮ್ಮ ಮಾವ ಅಲ್ವೇನೋ? ಅಲ್ಲೇನು ಮಾಡ್ತಿದ್ದಾರೆ?”

“ಏನಿಲ್ಲ ಅತ್ತೆ” ಎಂದ ಗುಮಾಸ್ತ. “ಸುಮ್ನೆ ಕೂತಿದ್ದಾರೆ.”

“ಸುಮ್ನೆ ಯಾರಾದ್ರೂ ಕೂರ್ತಾರಾ? ನಾನಿಲ್ಲ ಅಂತ ಆಗ್ಲೇ ಬೇಜಾರು ಶುರುವಾಗಿದೆ, ಪಾಪ.” ಅತ್ತೆ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡರು. ಆಮೇಲೆ ಮೊಣಕಾಲು ಮಡಚಿ ಸೀಟಿನ ಮೇಲಿಟ್ಟು, ಅವನ ಕಡೆಗೆ ಪೂರ್ತಿ ತಿರುಗಿ ಕೂತರು. “ಆ ಮನುಷ್ಯನ ಜೊತೆ ನಾನು ಪಟ್ಟ ಪಾಡು ಒಂದೆರಡಲ್ಲ ಪುಟ್ಟು. ಊರು ತಲುಪೋವರೆಗೂ ಹೊತ್ತಿದೆಯಲ್ಲ, ಮೊದಲಿಂದ ಹೇಳ್ತೀನಿ.”

ಗುಮಾಸ್ತನ ತಲೆ ತಾನಾಗಿಯೇ ಕೊಂಚ ಎಡಕ್ಕೆ ವಾಲಿತು.

“ಹೇಳಿ ಅತ್ತೆ” ಎಂದ. “ಏನು ತೊಂದರೆ?”